ಯುದ್ಧಕಾಲದ ವೈಮಾನಿಕರ ರೆಕ್ಕೆ ಬ್ಯಾಡ್ಜ್: ಯಾವುದನ್ನು ಕೊಳ್ಳುವುದು, ಯಾವುದನ್ನು ಬಿಡುವುದು

ಕಲಬುರಗಿ ಸೀಮೆಯಲ್ಲಿ ಹಳೆಯ ವಸ್ತುಗಳನ್ನು ಕೂಡಿಡುವ ಹವ್ಯಾಸವುಳ್ಳವರಲ್ಲಿ ನನಗೆ ಪರಿಚಯವಿರುವ ಹೆಚ್ಚಿನವರು ನಾಣ್ಯಗಳಿಂದಲೇ ಆರಂಭಿಸಿದವರು. ಬಹಮನಿ ಸುಲ್ತಾನರ ತಾಮ್ರದ ನಾಣ್ಯ, ನಿಜಾಮರ ಕಾಲದ ಹಾಲಿ ಸಿಕ್ಕಾ ರೂಪಾಯಿ ಇವುಗಳ ತೂಕ, ಅಂಚು, ಅಕ್ಷರಗಳನ್ನು ನೋಡಿ ನೋಡಿ ಕಣ್ಣು ಪಳಗಿಸಿಕೊಂಡ ಕೆಲವರು ಈಚೆಗೆ ಯುದ್ಧಕಾಲದ ವೈಮಾನಿಕರ ಬ್ಯಾಡ್ಜ್‌ಗಳ ಕಡೆಗೆ, ಅಂದರೆ ವಿಮಾನ ಚಾಲಕರು ಸಮವಸ್ತ್ರದ ಎದೆಯ ಮೇಲೆ ಧರಿಸುತ್ತಿದ್ದ ರೆಕ್ಕೆಗಳ ಕಡೆಗೆ ಹೊರಳಿದ್ದಾರೆ. ಬೀದರ್‌ನ ವಾಯುಪಡೆ ಕೇಂದ್ರದಿಂದ ಏಳುವ ಹಾಕ್ ತರಬೇತಿ ವಿಮಾನಗಳನ್ನೂ ಸೂರ್ಯಕಿರಣ ತಂಡದ ಅಭ್ಯಾಸವನ್ನೂ ತಲೆಯೆತ್ತಿ ನೋಡುತ್ತ ಬಂದವರಿಗೆ ಈ ಆಸೆ ಹುಟ್ಟುವುದು ಸಹಜವೇ. ಆದರೆ ನಾಣ್ಯದಲ್ಲಿ ಪಳಗಿದ ಕಣ್ಣು ಇಲ್ಲಿ ಅರ್ಧ ದಾರಿಯವರೆಗೆ ಮಾತ್ರ ಜೊತೆಗೆ ಬರುತ್ತದೆ. ಲೋಹದ ಬ್ಯಾಡ್ಜ್‌ಗೆ ಆ ಕಣ್ಣು ಸಾಕು. ಬಟ್ಟೆಯ ಮೇಲೆ ಕಸೂತಿ ಹಾಕಿದ ಬ್ಯಾಡ್ಜ್‌ಗೆ ದರ್ಜಿಯ ಕಣ್ಣು ಬೇಕು.

ನಮ್ಮ ಕಡೆಯ ಸಂಗ್ರಾಹಕರ ಮುಂದೆ ಸಾಮಾನ್ಯವಾಗಿ ನಾಲ್ಕು ಬಗೆಯವು ಬಂದು ನಿಲ್ಲುತ್ತವೆ: ಬ್ರಿಟಿಷ್ ವಾಯುಪಡೆಯ ಬಟ್ಟೆಯ ರೆಕ್ಕೆ, ಅಮೆರಿಕದ ಸೇನಾ ವಾಯುಪಡೆಯ ಬೆಳ್ಳಿಯ ರೆಕ್ಕೆ, ಯುದ್ಧದ ವರ್ಷಗಳಲ್ಲಿ ಭಾರತದಲ್ಲಿಯೇ ತಯಾರಾದ ಜರಿ ಕೆಲಸದ ಅಥವಾ ಬೆಳ್ಳಿಯ ರೆಕ್ಕೆ, ಮತ್ತು ಜರ್ಮನಿಯ ಅಂದಿನ ವಾಯುಪಡೆಯಾದ ಲುಫ್ಟ್‌ವಾಫೆಯ ಹದ್ದಿನ ಬ್ಯಾಡ್ಜ್. ಹೊಸದಾಗಿ ಆರಂಭಿಸುವವರು ಯಾವುದನ್ನು ಆರಿಸಬೇಕೆಂದು ನನ್ನನ್ನು ಕೇಳಿದರೆ ನಾನು ಕೊಡುವ ಉತ್ತರ ಹೀಗಿದೆ. ಮೊದಲು ಬ್ರಿಟಿಷ್ ಬಟ್ಟೆಯ ರೆಕ್ಕೆ, ಆಮೇಲೆ ಅಮೆರಿಕದ ಬೆಳ್ಳಿ, ಒಂದೆರಡು ವರ್ಷ ಕೈ ಪಳಗಿದ ಮೇಲೆ ಭಾರತದಲ್ಲಿ ತಯಾರಾದವು. ಜರ್ಮನಿಯದಂತೂ ಬೇಡವೇ ಬೇಡ. ಈ ಕ್ರಮಕ್ಕೆ ಬೆಲೆಗಿಂತ ದೊಡ್ಡ ಕಾರಣವೊಂದಿದೆ. ಯಾವ ಬ್ಯಾಡ್ಜ್‌ನ ಹಿಂಬದಿ ಸುಲಭವಾಗಿ ಬಾಯಿ ಬಿಡುತ್ತದೆಯೋ ಅದನ್ನು ಮೊದಲು ಕೊಳ್ಳಬೇಕು. ನಕಲು ಮಾಡುವವನು ಮುಂಬದಿಗೆ ಪಡುವ ಶ್ರಮವನ್ನು ಹಿಂಬದಿಗೆ ಪಡುವುದು ಕಡಿಮೆ.

ಪರೀಕ್ಷೆಗೆ ಬೇಕಾಗುವ ಸಾಮಗ್ರಿ ದುಬಾರಿಯೇನಲ್ಲ. ಗಡಿಯಾರ ರಿಪೇರಿ ಮಾಡುವವರು ಕಣ್ಣಿಗೆ ಸಿಕ್ಕಿಸಿಕೊಳ್ಳುವಂಥ ಹತ್ತು ಪಟ್ಟಿನ ಭೂತಗನ್ನಡಿ, ಒಂದು ವರ್ನಿಯರ್ ಕ್ಯಾಲಿಪರ್, ಅರ್ಧ ಗ್ರಾಂವರೆಗೆ ತೋರಿಸುವ ಸಣ್ಣ ತಕ್ಕಡಿ, ಒಂದು ಅಯಸ್ಕಾಂತದ ತುಂಡು, ಮತ್ತು ಅಂಗಡಿಯವರು ನಕಲಿ ನೋಟು ಪತ್ತೆಹಚ್ಚಲು ಇಟ್ಟುಕೊಳ್ಳುವ ನೇರಳೆ ಬೆಳಕಿನ ದೀಪ. ಈ ಕೊನೆಯದು ಇಲ್ಲದೆ ನಾನು ಒಮ್ಮೆ ಪೆಟ್ಟು ತಿಂದಿದ್ದೇನೆ. ಅದನ್ನು ಮುಂದೆ ಹೇಳುತ್ತೇನೆ.

ಬ್ರಿಟಿಷ್ ಬಟ್ಟೆಯ ರೆಕ್ಕೆ

ಬ್ರಿಟಿಷ್ ಸೇನೆಯ ರಾಯಲ್ ಫ್ಲೈಯಿಂಗ್ ಕೋರ್‌ನ ಚಾಲಕರಿಗೆ ರೆಕ್ಕೆಯ ಬ್ಯಾಡ್ಜ್ ಮಂಜೂರಾದದ್ದು 1913ರಲ್ಲಿ. ಚಾಚಿದ ಎರಡು ರೆಕ್ಕೆಗಳ ನಡುವೆ ಪುಷ್ಪಮಾಲೆಯಂಥ ಎಲೆಗಳ ಬಳೆ, ಅದರೊಳಗೆ ‘ಆರ್‌ಎಫ್‌ಸಿ’ ಎಂಬ ಹೆಣೆದ ಅಕ್ಷರಗಳು, ಮೇಲೆ ಕಿರೀಟ. ಇಷ್ಟನ್ನೂ ಕಪ್ಪು ಅಥವಾ ಕಪ್ಪಿಗೆ ಹತ್ತಿರದ ಕಡುನೀಲಿ ಉಣ್ಣೆಯ ಬಟ್ಟೆಯ ಮೇಲೆ ಮಾಸಲು ಬಿಳಿ ಬಣ್ಣದ ರೇಷ್ಮೆ ದಾರದಿಂದ ಕಸೂತಿ ಹಾಕುತ್ತಿದ್ದರು. 1918ರ ಏಪ್ರಿಲ್ 1ರಂದು ರಾಯಲ್ ಏರ್ ಫೋರ್ಸ್ ಹುಟ್ಟಿದ ಮೇಲೆ ಅಕ್ಷರಗಳು ‘ಆರ್‌ಎಎಫ್’ ಆದವು, ಉಳಿದದ್ದು ಬಹುಮಟ್ಟಿಗೆ ಹಾಗೆಯೇ ಮುಂದುವರಿಯಿತು. ಎರಡನೆಯ ಮಹಾಯುದ್ಧದ ಚಾಲಕನೂ ಅದನ್ನೇ ಧರಿಸಿದ್ದಾನೆ, ಯುದ್ಧ ಮುಗಿದು ಇಪ್ಪತ್ತು ವರ್ಷಗಳ ನಂತರದ ಚಾಲಕನೂ ಕಿರೀಟದ ಆಕಾರವೊಂದನ್ನು ಬಿಟ್ಟರೆ ಅದನ್ನೇ ಧರಿಸಿದ್ದಾನೆ. ತೊಡಕು ಇರುವುದೇ ಇಲ್ಲಿ: ನಕಲಿಯ ಜೊತೆಗೆ, ನಿಜವಾದದ್ದೇ ಆದರೂ ಯುದ್ಧಕಾಲದ್ದಲ್ಲದ ಬ್ಯಾಡ್ಜ್ ಕೂಡ ಯುದ್ಧಕಾಲದ ಬೆಲೆಗೆ ಕೈ ಸೇರುವ ಸಂಭವವಿರುತ್ತದೆ.

ಎಲ್ಲರೂ ಮೊದಲು ಹೇಳಿಕೊಡುವ ಗುರುತು ಕಿರೀಟದ್ದು. 1901ರಿಂದ 1952ರವರೆಗಿನ ರಾಜರ ಕಾಲದಲ್ಲಿ ಬಳಸಿದ ಟ್ಯೂಡರ್ ಕಿರೀಟದ ಕಮಾನುಗಳು ಗುಮ್ಮಟದಂತೆ ಮೇಲಕ್ಕೆ ದುಂಡಾಗಿ ಉಬ್ಬಿರುತ್ತವೆ. ರಾಣಿ ಎಲಿಜಬೆತ್ ಪಟ್ಟಕ್ಕೆ ಬಂದ ಮೇಲೆ ಬಳಕೆಗೆ ಬಂದ ಸೇಂಟ್ ಎಡ್ವರ್ಡ್ ಕಿರೀಟದ ಕಮಾನುಗಳು ನಡುವೆ ತಗ್ಗಿ, ಎರಡು ಭುಜಗಳಿರುವಂತೆ ಕಾಣುತ್ತವೆ. ತಗ್ಗಿದ ಕಿರೀಟ ಕಂಡರೆ ಅದು ಯುದ್ಧಕಾಲದ್ದಲ್ಲವೆಂದು ಕಣ್ಣುಮುಚ್ಚಿ ಹೇಳಬಹುದು. ಆದರೆ ಇದನ್ನು ತಿರುಗಿಸಿ, ದುಂಡು ಕಿರೀಟವಿದ್ದರೆ ಯುದ್ಧಕಾಲದ್ದೇ ಎನ್ನಲಾಗದು. ಈಗಿನ ದೊರೆ ಮೂರನೆಯ ಚಾರ್ಲ್ಸ್ 2022ರಲ್ಲಿ ಮತ್ತೆ ಟ್ಯೂಡರ್ ಮಾದರಿಯ ಕಿರೀಟವನ್ನೇ ಆರಿಸಿಕೊಂಡಿರುವುದರಿಂದ ಹೊಚ್ಚ ಹೊಸ ಅಧಿಕೃತ ಬ್ಯಾಡ್ಜ್‌ನಲ್ಲಿಯೂ ದುಂಡು ಕಿರೀಟ ಬರುತ್ತದೆ. ಅಂಥ ಹೊಸದೊಂದನ್ನು ಚಹಾದ ನೀರಿನಲ್ಲಿ ಅದ್ದಿ, ಬಿಸಿಲಿಗೆ ಒಣಗಿಸಿ, ಹಳೆಯದೆಂದು ಮಾರಲು ಯಾರಿಗಾದರೂ ತೋಚದೆ ಇರುವುದಿಲ್ಲ.

ಆದ್ದರಿಂದ ಬ್ಯಾಡ್ಜ್ ಕೈಗೆ ಬಂದೊಡನೆ ಮಗುಚಿ ನೋಡಬೇಕು. ಹಳೆಯ ಬಟ್ಟೆಯ ರೆಕ್ಕೆಯ ಬೆನ್ನಿಗೆ ತೆಳು ಹತ್ತಿ ಬಟ್ಟೆಯನ್ನೋ, ಅಂಟು ಹಚ್ಚಿದ ಕಾಗದವನ್ನೋ ಕೊಟ್ಟಿರುತ್ತಾರೆ, ಇಲ್ಲವೇ ದಾರಗಳು ಬೆತ್ತಲಾಗಿ ಕಾಣುತ್ತವೆ. ಕೈಯಿಂದ ಹಾಕಿದ ಕಸೂತಿಯಲ್ಲಿ ದಾರ ಒಂದು ಗರಿಯಿಂದ ಇನ್ನೊಂದಕ್ಕೆ ಓರೆಯಾಗಿ ನೆಗೆದಿರುತ್ತದೆ, ಗಂಟುಗಳು ಒಂದೊಂದೂ ಒಂದೊಂದು ಗಾತ್ರದವಾಗಿರುತ್ತವೆ; ಯಂತ್ರದ ಕಸೂತಿಯಲ್ಲಿ ಹಿಂಬದಿಯ ಹೊಲಿಗೆ ಒಂದೇ ಸಮನಾಗಿರುತ್ತದೆ. ಯುದ್ಧದ ವರ್ಷಗಳಲ್ಲಿ ಎರಡೂ ಬಗೆ ನಡೆದಿವೆ, ಹಾಗಾಗಿ ಯಂತ್ರದ್ದೆಂಬ ಒಂದೇ ಕಾರಣಕ್ಕೆ ತಳ್ಳಿಹಾಕಬೇಕಿಲ್ಲ. ತಳ್ಳಿಹಾಕಬೇಕಾದದ್ದು ಇಸ್ತ್ರಿಯ ಶಾಖಕ್ಕೆ ಅಂಟುವ ಈಗಿನ ಪ್ಲಾಸ್ಟಿಕ್ ಲೇಪವಿದ್ದರೆ, ಸಿಂಥೆಟಿಕ್ ಜಾಲರಿ ಬಟ್ಟೆ ಇದ್ದರೆ, ನೈಲಾನ್ ದಾರದ ಮಿರುಗು ಕಂಡರೆ. ಸಮವಸ್ತ್ರದಿಂದ ಬಿಚ್ಚಿ ತೆಗೆದ ಬ್ಯಾಡ್ಜ್‌ನ ಅಂಚಿನ ಸುತ್ತ ಸೂಜಿಯ ತೂತುಗಳು ಸಾಲಾಗಿ ಉಳಿದಿರಬೇಕು, ಮಡಚಿದ ಅಂಚಿನೊಳಗಿನ ಬಟ್ಟೆ ಹೊರಗಿನದಕ್ಕಿಂತ ಕಡು ಬಣ್ಣದ್ದಾಗಿರಬೇಕು. ಮಡಿಕೆಯ ಒಳಗೂ ಹೊರಗೂ ಒಂದೇ ಬಗೆಯಲ್ಲಿ ಮಾಸಿದ್ದರೆ ಅದು ಬಿಸಿಲಿಗೆ ಮಾಸಿದ್ದಲ್ಲ, ಬಕೆಟ್‌ನಲ್ಲಿ ಮಾಸಿದ್ದು.

ನಾನು ಪೆಟ್ಟು ತಿಂದ ಸಂಗತಿ ಇದೇ ಬಗೆಯದು. ಬೇರೆ ಊರಿನ ವ್ಯಾಪಾರಿಯೊಬ್ಬರಿಂದ ‘ಆರ್‌ಎಫ್‌ಸಿ’ ಅಕ್ಷರಗಳಿದ್ದ ರೆಕ್ಕೆಯೊಂದನ್ನು ನಾಲ್ಕೂವರೆ ಸಾವಿರ ರೂಪಾಯಿಗೆ ತಂದಿದ್ದೆ. ಬೆನ್ನಿಗೆ ಹಳೆಯ ಹತ್ತಿ ಬಟ್ಟೆ, ಅಲ್ಲಲ್ಲಿ ಹುಳು ತಿಂದ ತೂತು, ಎಲ್ಲವೂ ಸರಿಯಾಗಿಯೇ ಇತ್ತು. ಔಷಧದ ಅಂಗಡಿ ಇಟ್ಟುಕೊಂಡಿರುವ ಗೆಳೆಯನಲ್ಲಿ ಮಾತ್ರೆ ತರಲು ಹೋದಾಗ ಸುಮ್ಮನೆ ನೋಟಿನ ದೀಪದ ಕೆಳಗೆ ಹಿಡಿದೆವು. ಮುಂಬದಿಯ ರೆಕ್ಕೆಯ ದಾರ ಹೊಸ ಬನಿಯನ್‌ನಂತೆ ನೀಲಿ ಬಿಳಿಯಾಗಿ ಹೊಳೆಯಿತು. ಬಟ್ಟೆ ಬೆಳ್ಳಗೆ ಕಾಣಲೆಂದು ಈಗಿನ ದಾರ, ಸಾಬೂನುಗಳಲ್ಲಿ ಸೇರಿಸುವ ರಾಸಾಯನಿಕಗಳು ಹಾಗೆ ಹೊಳೆಯುತ್ತವೆ. ಅವು ವ್ಯಾಪಕವಾಗಿ ಬಳಕೆಗೆ ಬಂದದ್ದು ಎರಡನೆಯ ಮಹಾಯುದ್ಧದ ನಂತರ. ಹಳೆಯ ಬ್ಯಾಡ್ಜನ್ನು ಯಾರೋ ಈಚಿನ ಸಾಬೂನಿನ ಪುಡಿಯಲ್ಲಿ ತೊಳೆದಿರಬಹುದೆಂದು ವ್ಯಾಪಾರಿ ವಾದಿಸಿದರು. ಆ ವಾದ ಪೊಳ್ಳೇನಲ್ಲ, ತೊಳೆದ ಹಳೆಯ ಬಟ್ಟೆಯೂ ಹೊಳೆಯುವುದುಂಟು. ಆದರೆ ತೊಳೆದಿದ್ದರೆ ಬೆನ್ನಿನ ಬಿಳಿ ಹತ್ತಿಯೇ ಎಲ್ಲಕ್ಕಿಂತ ಮೊದಲು ಹೊಳೆಯಬೇಕಿತ್ತು; ಅದು ಕತ್ತಲಾಗಿಯೇ ಇತ್ತು. ಹಳೆಯ ಬಟ್ಟೆ ಹುಡುಕಿ ತಂದು ಅದರ ಮೇಲೆ ಹೊಸ ದಾರದಿಂದ ಹೊಲಿದಿದ್ದರು ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ನನಗೆ ಬೇಕಾಗಲಿಲ್ಲ. ಹಣ ಮರಳಿ ಬರಲಿಲ್ಲ. ಬ್ಯಾಡ್ಜ್ ಈಗಲೂ ನನ್ನಲ್ಲಿದೆ, ಕೇಳಿದವರಿಗೆ ತೋರಿಸಲು ಇಟ್ಟುಕೊಂಡಿದ್ದೇನೆ.

ಎರಡು ರೆಕ್ಕೆಗಳು ಚಾಲಕನಿಗೆ. ವಿಮಾನದ ಉಳಿದ ಸಿಬ್ಬಂದಿಗೆ ಒಂದೇ ರೆಕ್ಕೆ. ವೀಕ್ಷಕನ ‘ಓ’ ಅಕ್ಷರದ ಒಂಟಿ ರೆಕ್ಕೆ 1915ರಲ್ಲಿ ಬಂದಿತು, ಬಂದೂಕುದಾರನ ‘ಎಜಿ’ 1939ರ ಕೊನೆಯಲ್ಲಿ, ದಾರಿ ತೋರುವ ನ್ಯಾವಿಗೇಟರ್‌ನ ‘ಎನ್’ ಮತ್ತು ಬಾಂಬು ಹಾಕುವವನ ‘ಬಿ’ 1942ರಲ್ಲಿ. ಒಂಟಿ ರೆಕ್ಕೆಗಳ ಬೆಲೆ ಚಾಲಕರ ರೆಕ್ಕೆಗಿಂತ ಸಾಮಾನ್ಯವಾಗಿ ಕಡಿಮೆಯಿರುತ್ತದೆ ಎಂಬ ಆಸೆಯಿಂದ ಹಲವರು ಇಲ್ಲಿಂದ ಆರಂಭಿಸಲು ಹೊರಡುತ್ತಾರೆ. ಅವುಗಳ ಮೇಲೆ ಕಿರೀಟವೇ ಇರುವುದಿಲ್ಲ ಎಂಬುದನ್ನು ಅವರು ಗಮನಿಸಿರುವುದಿಲ್ಲ. ಕಾಲವನ್ನು ಹೇಳುವ ಅತ್ಯಂತ ಸುಲಭದ ಗುರುತೇ ಇಲ್ಲದ ಮೇಲೆ, ಯುದ್ಧದ ನಂತರವೂ ಬಹುಕಾಲ ತಯಾರಾದ ‘ಎನ್’ ರೆಕ್ಕೆಯನ್ನು ಬಟ್ಟೆ ಮತ್ತು ದಾರದಿಂದಲೇ ಬೇರ್ಪಡಿಸಬೇಕಾಗುತ್ತದೆ. ಅಂಥದರಲ್ಲಿ ಯುದ್ಧದ ನಡುವೆಯೇ ಕೈಬಿಟ್ಟ ‘ಓ’ ಮೇಲು.

ಇನ್ನೊಂದು ಗೊಂದಲವನ್ನೂ ಇಲ್ಲಿಯೇ ಬಿಡಿಸಿಬಿಡಬಹುದು. ಬೆಳ್ಳಿಯಲ್ಲಿ, ಕೆಲವೊಮ್ಮೆ ಚಿನ್ನದಲ್ಲಿ, ನೀಲಿ ಕೆಂಪು ಮೀನಾಕಾರಿಯೊಂದಿಗೆ ನಾಲ್ಕೈದು ಸೆಂಟಿಮೀಟರ್ ಉದ್ದದ ಪುಟ್ಟ ‘ಆರ್‌ಎಎಫ್’ ರೆಕ್ಕೆಗಳು ಮಾರಾಟಕ್ಕೆ ಬರುತ್ತವೆ. ಅವು ಚಾಲಕರು ಧರಿಸಿದವಲ್ಲ. ಹೆಂಡತಿಗೋ ಪ್ರೇಯಸಿಗೋ ತಾಯಿಗೋ ಕೊಟ್ಟ ಬ್ರೂಚ್‌ಗಳು. ಚಾಲಕನ ಬಟ್ಟೆಯ ರೆಕ್ಕೆ ಅದರ ಇಮ್ಮಡಿ ಅಗಲವಿರುತ್ತದೆ. ಬ್ರೂಚ್‌ಗಳನ್ನು ಕೀಳೆಂದು ನಾನು ಹೇಳುವುದಿಲ್ಲ, ವಾಸ್ತವವಾಗಿ ಅವುಗಳ ಕಾಲವನ್ನು ಗುರುತಿಸುವುದೇ ಸುಲಭ: ಬರ್ಮಿಂಗ್‌ಹ್ಯಾಮ್‌ನಲ್ಲಿ ಪರೀಕ್ಷೆಯಾದ ಬೆಳ್ಳಿಯ ಬೆನ್ನಿಗೆ ಲಂಗರು, ನಡೆಯುವ ಸಿಂಹ ಮತ್ತು ವರ್ಷವನ್ನು ಸೂಚಿಸುವ ಒಂದು ಅಕ್ಷರದ ಮುದ್ರೆ ಇರುತ್ತದೆ. ಬ್ರೂಚ್ ಎಂದು ತಿಳಿದು ಬ್ರೂಚ್‌ನ ಬೆಲೆಗೆ ಕೊಂಡರೆ ನಷ್ಟವಿಲ್ಲ.

‘ನಿಜಾಮರ ವಿಮಾನದ ಬ್ಯಾಡ್ಜ್’ ಎಂಬ ಮಾತು

ಕಲಬುರಗಿ, ಬೀದರ್, ಯಾದಗಿರಿ ಮೂರೂ ಹೈದರಾಬಾದ್ ಸಂಸ್ಥಾನದಲ್ಲಿದ್ದವು. ಹೀಗಾಗಿ ಈ ಭಾಗದಲ್ಲಿ ಹಳೆಯ ರೆಕ್ಕೆ ಮಾರಲು ಬಂದವರ ಬಾಯಲ್ಲಿ ನಿಜಾಮರ ಹೆಸರು ತಾನಾಗಿಯೇ ಬರುತ್ತದೆ. ಈ ಮಾತಿನಲ್ಲಿ ಒಂದು ಹಿಡಿ ನಿಜವಿದೆ. ಮೊದಲ ಮಹಾಯುದ್ಧದ ಕೊನೆಯಲ್ಲಿ ಬ್ರಿಟಿಷ್ ವಾಯುಪಡೆಯ 110ನೆಯ ಸ್ಕ್ವಾಡ್ರನ್‌ಗೆ, ಅಂದರೆ ವಿಮಾನ ದಳಕ್ಕೆ, ನಿಜಾಮರು ಡಿಎಚ್ 9ಎ ವಿಮಾನಗಳನ್ನು ಕೊಡುಗೆಯಾಗಿ ಕೊಟ್ಟರು, ಅದಕ್ಕೆ ಹೈದರಾಬಾದ್ ಎಂಬ ಹೆಸರು ಸೇರಿತು. ಎರಡನೆಯ ಮಹಾಯುದ್ಧದಲ್ಲಿ 152 ಮತ್ತು 253ನೆಯ ಸ್ಕ್ವಾಡ್ರನ್‌ಗಳಿಗೂ ಹೈದರಾಬಾದ್‌ನ ಹೆಸರು ಸಂದಿತು. 152ರ ಲಾಂಛನದಲ್ಲಿ ನಿಜಾಮರ ಶಿರೋವೇಷ್ಟನದ ಚಿತ್ರವೇ ಇದೆ. ಇಷ್ಟೆಲ್ಲ ಸರಿ. ಆದರೆ ಸ್ಕ್ವಾಡ್ರನ್‌ನ ಲಾಂಛನ ಬೇರೆ, ಚಾಲಕನ ಎದೆಯ ರೆಕ್ಕೆ ಬೇರೆ. ಆ ಮೂರೂ ಸ್ಕ್ವಾಡ್ರನ್‌ಗಳ ಚಾಲಕರು ಧರಿಸಿದ್ದು ಉಳಿದೆಲ್ಲರೂ ಧರಿಸಿದ ಸಾಮಾನ್ಯ ‘ಆರ್‌ಎಎಫ್’ ರೆಕ್ಕೆಯನ್ನೇ. ರೆಕ್ಕೆಯ ನಡುವೆ ‘ಹೈದರಾಬಾದ್’ ಎಂದು ಬರೆದ ಹಿತ್ತಾಳೆಯ ಬ್ಯಾಡ್ಜೊಂದನ್ನು ನನಗೆ ತೋರಿಸಿ, ನಿಜಾಮರ ಪೈಲಟ್ ಮನೆಯಿಂದ ಬಂದದ್ದೆಂದು ಹೇಳಿದವರಿದ್ದಾರೆ. ಹಿತ್ತಾಳೆಗೆ ಇನ್ನೂ ಬ್ರಾಸೊ ಪಾಲಿಶ್‌ನ ವಾಸನೆಯಿತ್ತು. ಇತಿಹಾಸದ ಒಂದು ಹಿಡಿ ನಿಜಕ್ಕೆ ನಾಲ್ಕು ಹಿಡಿ ಬೆಲೆ ಕೇಳುವ ಇಂಥ ಬ್ಯಾಡ್ಜ್‌ಗಿಂತ, ಆ ಸ್ಕ್ವಾಡ್ರನ್‌ನಲ್ಲಿದ್ದ ಒಬ್ಬ ಚಾಲಕನ ಹಾರಾಟದ ಲಾಗ್ ಪುಸ್ತಕದೊಂದಿಗೆ ಬರುವ ಸಾದಾ ರೆಕ್ಕೆ ಹತ್ತು ಪಾಲು ಮೇಲು.

ಇದರ ಬೆನ್ನಿಗೇ ಭಾರತೀಯ ವಾಯುಪಡೆಯ ರೆಕ್ಕೆಯ ವಿಷಯ. 1932ರ ಅಕ್ಟೋಬರ್ 8ರಂದು ಸ್ಥಾಪನೆಯಾದ ಭಾರತೀಯ ವಾಯುಪಡೆಗೆ ‘ರಾಯಲ್’ ಎಂಬ ಪದ ಸೇರಿದ್ದು 1945ರ ಮಾರ್ಚ್‌ನಲ್ಲಿ, ಅದು ಕಳಚಿದ್ದು 1950ರ ಜನವರಿ 26ರಂದು ದೇಶ ಗಣರಾಜ್ಯವಾದಾಗ. ಆದ್ದರಿಂದ ‘ಆರ್‌ಐಎಎಫ್’ ಅಕ್ಷರಗಳಿರುವ ರೆಕ್ಕೆಗೆ ಐದು ವರ್ಷಕ್ಕೂ ಕಡಿಮೆಯ ಆಯುಷ್ಯ. ಅಂಥದನ್ನು ‘1942ರ ಬರ್ಮಾ ಯುದ್ಧದ್ದು’ ಎಂದು ಯಾರಾದರೂ ಹೇಳಿದರೆ ಬ್ಯಾಡ್ಜ್ ನಿಜವಿದ್ದರೂ ಕಥೆ ಸುಳ್ಳು. ಕಿರೀಟದ ಜಾಗದಲ್ಲಿ ಅಶೋಕ ಸ್ತಂಭದ ಸಿಂಹಗಳಿದ್ದರೆ ಅದು 1950ರ ನಂತರದ್ದು; 1965 ಮತ್ತು 1971ರ ಯುದ್ಧಗಳ ವೈಮಾನಿಕರದ್ದು ಈ ಗುಂಪಿಗೆ ಸೇರುತ್ತದೆ. ಬೀದರ್‌ನಲ್ಲಿ ನೆಲೆಸಿರುವ ನಿವೃತ್ತರ ಮನೆಗಳಿಂದ ಇಂಥವು ಸಿಕ್ಕರೆ ಅದೃಷ್ಟ, ಆದರೆ ಈಗಲೂ ಸೇವೆಯಲ್ಲಿರುವ ಪಡೆಯ ಗುರುತಾದ್ದರಿಂದ ಪೆಟ್ಟಿಗೆಯಲ್ಲಿಡಬೇಕೇ ಹೊರತು ಅಂಗಿಗೆ ಸಿಕ್ಕಿಸಿಕೊಂಡು ತಿರುಗುವಂತಿಲ್ಲ. ಸೈನಿಕನೆಂದು ನಂಬಿಸುವ ಉದ್ದೇಶದಿಂದ ಸೇನೆಯ ಉಡುಪನ್ನೋ ಚಿಹ್ನೆಯನ್ನೋ ಧರಿಸುವುದು ಶಿಕ್ಷಾರ್ಹ ಅಪರಾಧ.

ಅಮೆರಿಕದ ಬೆಳ್ಳಿ

ಅಮೆರಿಕದ ರೆಕ್ಕೆ ನಮ್ಮ ನಾಡಿಗೆ ಹೊಸದೇನಲ್ಲ. 1940ರ ಕೊನೆಯಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಾರ್ಖಾನೆ 1943ರಲ್ಲಿ ಅಮೆರಿಕದ ಸೇನಾ ವಾಯುಪಡೆಯ ವಿಮಾನ ದುರಸ್ತಿಯ ಕೇಂದ್ರವಾಯಿತು. ಆ ಪಡೆಯ ಚಾಲಕರ ಪ್ರಮಾಣಿತ ರೆಕ್ಕೆ ಮೂರು ಇಂಚು ಉದ್ದದ ಲೋಹದ್ದು. ಅಂಗಿಗೆ ಸಿಕ್ಕಿಸಲು ಎರಡು ಇಂಚಿನದೂ ಇತ್ತು. ನಡುವೆ ಗುರಾಣಿ ಇದ್ದರೆ ಚಾಲಕ, ಗುರಾಣಿಯ ಮೇಲೆ ನಕ್ಷತ್ರವಿದ್ದರೆ ಹಿರಿಯ ಚಾಲಕ, ನಕ್ಷತ್ರದ ಸುತ್ತ ಎಲೆಗಳ ಬಳೆಯಿದ್ದರೆ ಕಮಾಂಡ್ ಪೈಲಟ್. ಬೀಳುತ್ತಿರುವ ಬಾಂಬು ಬಾಂಬಾರ್ಡಿಯರ್‌ನದು, ಬಳೆಗಳು ಹೆಣೆದ ಗೋಳ ನ್ಯಾವಿಗೇಟರ್‌ನದು.

ನಾಣ್ಯ ಸಂಗ್ರಾಹಕನಿಗೆ ಇದು ತವರುಮನೆ. ನಿಜವಾದದ್ದನ್ನು ಉಕ್ಕಿನ ಅಚ್ಚಿನಿಂದ ಒತ್ತಿರುತ್ತಾರೆ, ಹಾಗಾಗಿ ಗರಿಗಳ ನಡುವಿನ ಗೀರು ಆಳವಾಗಿ, ತಳದವರೆಗೂ ಚೊಕ್ಕವಾಗಿರುತ್ತದೆ. ಅದನ್ನೇ ಮಾದರಿಯಾಗಿಟ್ಟು ಎರಕ ಹೊಯ್ದರೆ ಲೋಹ ಆರುವಾಗ ಕುಗ್ಗುವುದರಿಂದ ನಕಲು ಒಂದು ಕೂದಲೆಳೆಯಷ್ಟು ಚಿಕ್ಕದಾಗುತ್ತದೆ. ಕ್ಯಾಲಿಪರ್ ಕೊಂಡದ್ದು ಇದಕ್ಕಾಗಿಯೇ. ಬೆನ್ನಿನಲ್ಲಿ ‘ಸ್ಟರ್ಲಿಂಗ್’ ಎಂಬ ಮುದ್ರೆಯಿದ್ದರೆ ನೂರಕ್ಕೆ 92.5 ಪಾಲು ಬೆಳ್ಳಿ ಎಂದರ್ಥ. ಕಲಬುರಗಿಯ ಸರಾಫ್ ಬಜಾರದಲ್ಲಿ ಶುದ್ಧತೆ ಅಳೆಯುವ ಯಂತ್ರವಿರುವ ಅಂಗಡಿಗೆ ಒಯ್ದರೆ ಐದು ನಿಮಿಷದ ಕೆಲಸ, ಬ್ಯಾಡ್ಜ್‌ಗೆ ಗೀರೂ ಬೀಳುವುದಿಲ್ಲ. ಒರೆಗಲ್ಲಿಗೆ ಉಜ್ಜಲು ಮಾತ್ರ ಬಿಡಬೇಡಿ. ಅಭ್ಯಾಸಬಲದಿಂದ ಅವರ ಕೈ ಮೊದಲು ಅದರ ಕಡೆಗೇ ಹೋಗುತ್ತದೆ. ಬೆಳ್ಳಿ ಎಂದು ಯಂತ್ರ ಹೇಳಿದರೆ ಅದು ಲೋಹದ ಮಾತಾಯಿತು, ಕಾಲದ ಮಾತಲ್ಲ. ಹಾಗೆಯೇ ಮುದ್ರೆ ಇಲ್ಲದ್ದೆಲ್ಲ ನಕಲಿಯೂ ಅಲ್ಲ. ಯುದ್ಧಕಾಲದಲ್ಲಿ ಬೆಳ್ಳಿಯ ಲೇಪದವೂ ತಯಾರಾಗಿವೆ.

ತಯಾರಕರ ಹೆಸರು ಬೆನ್ನಿನಲ್ಲಿ ಸಾಮಾನ್ಯವಾಗಿ ಸಿಗುತ್ತದೆ: ನ್ಯೂಯಾರ್ಕ್‌ನ ಎನ್. ಎಸ್. ಮೇಯರ್, ಎಲ್‌ಜಿಬಿ ಎಂಬ ಗುರುತಿನ ಬಾಲ್ಫೋರ್, ಆಮ್‌ಕ್ರಾಫ್ಟ್, ಜೆಮ್ಸ್‌ಕೊ, ಲಂಡನ್‌ನ ಗಾಂಟ್. ಹೆಸರು ಕಂಡ ಮಾತ್ರಕ್ಕೆ ನಿರಾಳವಾಗುವಂತಿಲ್ಲ. ಮೇಯರ್‌ನ ರೆಕ್ಕೆಗಳು ಅದೇ ಹಳೆಯ ಅಚ್ಚುಗಳಿಂದ ಯುದ್ಧದ ನಂತರವೂ ಒತ್ತಲ್ಪಟ್ಟಿವೆ, ಅಂದರೆ ಗರಿಗಳೂ ಅವೇ, ಹೆಸರೂ ಅದೇ. ಆಗ ನೋಡಬೇಕಾದದ್ದು ಪಿನ್ನು. ಕೀಲು ಮತ್ತು ಕೊಕ್ಕೆಗಳ ಬೆಸುಗೆ ಬೆಳ್ಳಿಯ ಬಣ್ಣದಲ್ಲಿ ತೆಳುವಾಗಿ ಹರಿದಿದ್ದು, ಸುತ್ತಲಿನ ಕಪ್ಪು ಒಂದೇ ವಯಸ್ಸಿನದಾಗಿರಬೇಕು. ಎರಡು ಮೊಳೆಗಳ ತುದಿಗೆ ಬಿಲ್ಲೆ ಒತ್ತಿ ಕೂರಿಸುವ ಕ್ಲಚ್ ಯುದ್ಧದ ನಡುವಿನಿಂದ ಹೆಚ್ಚಾಗಿ ಕಾಣುತ್ತದೆ, ಯುದ್ಧದ ನಂತರ ಅದೇ ರೂಢಿಯಾಯಿತು. ಅಕ್ಷರ ಮತ್ತು ಅಂಕಿ ಸೇರಿದ ಚಿಕ್ಕ ಸಂಕೇತ ಬೆನ್ನಿನಲ್ಲಿದ್ದರೆ ಅದು ಯುದ್ಧೋತ್ತರ ಕಾಲದ ಪದ್ಧತಿ. ಒಟ್ಟಿನಲ್ಲಿ ಬ್ರಿಟಿಷ್ ಬಟ್ಟೆಯ ಜೊತೆ ತೂಗಿ ನೋಡಿದರೆ ಅಮೆರಿಕದ ಬೆಳ್ಳಿಗೆ ಪರೀಕ್ಷೆಗಳು ಹೆಚ್ಚು, ಮೋಸದ ದಾರಿಗಳೂ ಹೆಚ್ಚು. ಅದಕ್ಕೇ ಎರಡನೆಯ ಸ್ಥಾನ.

ಒಂದೇ ಕೈಕಸುಬಿನ ಅಸಲಿ ಮತ್ತು ನಕಲಿ

ಭಾರತ, ಬರ್ಮಾ ರಂಗದಲ್ಲಿದ್ದ ಬ್ರಿಟಿಷ್ ಮತ್ತು ಅಮೆರಿಕದ ವೈಮಾನಿಕರು ಇಲ್ಲಿನ ದರ್ಜಿಗಳಿಂದಲೂ ಬೆಳ್ಳಿ ಕೆಲಸದವರಿಂದಲೂ ರೆಕ್ಕೆಗಳನ್ನು ಮಾಡಿಸಿಕೊಂಡರು. ಒಗೆಯುವಾಗ ತೆಗೆದಿಡಲು ಅನುಕೂಲವಾಗಲೆಂದು ಖಾಕಿ ಬಟ್ಟೆಯ ಮೇಲೆ ಹೊಲಿದು ಟಿಚ್ ಬಟನ್ ಹಚ್ಚಿದವು, ಬೆಳ್ಳಿ ತಂತಿಯ ಜರ್ದೋಸಿ ಕೆಲಸದವು, ಕೈಯಿಂದ ಕೊರೆದ ಬೆಳ್ಳಿಯ ತಗಡಿನವು ಹೀಗೆ ಹಲವು. ಒಂದರಂತೆ ಒಂದಿಲ್ಲ. ಗರಿಗಳ ಸಂಖ್ಯೆ ತಪ್ಪಿರುತ್ತದೆ, ಗುರಾಣಿಯ ಪಟ್ಟೆಗಳು ಹೆಚ್ಚು ಕಡಿಮೆಯಾಗಿರುತ್ತವೆ. ಸಂಗ್ರಾಹಕರು ಇವುಗಳಿಗೆ ಸೋಲುವುದು ಈ ಕಾರಣಕ್ಕೇ, ನಾನೂ ಸೋತವನೇ.

ಆದರೆ ಇವನ್ನು ಮೊದಲ ವರ್ಷವೇ ಕೊಳ್ಳಬೇಡಿ ಎನ್ನುವುದಕ್ಕೆ ಗಟ್ಟಿ ಕಾರಣವಿದೆ. ಇಂಗ್ಲೆಂಡಿನ ರೆಕ್ಕೆಯನ್ನು ಬೇರೆಲ್ಲೋ ನಕಲು ಮಾಡಿದಾಗ ಕೈ ಬದಲಾದದ್ದು ಗೊತ್ತಾಗುತ್ತದೆ. ಜರಿಯ ಬ್ಯಾಡ್ಜ್ ಹೊಲಿಯುವ ಕಸುಬಾದರೋ ವಾರಾಣಸಿಯಲ್ಲಿಯೂ ಗಡಿಯಾಚೆಯ ಸಿಯಾಲ್‌ಕೋಟ್‌ನಲ್ಲಿಯೂ ಇಂದಿಗೂ ನಡೆಯುತ್ತಿದೆ, ಜಗತ್ತಿನ ಸೇನೆಗಳಿಗೂ ಕ್ಲಬ್‌ಗಳಿಗೂ ಅಲ್ಲಿಂದ ಬ್ಯಾಡ್ಜ್ ಹೋಗುತ್ತವೆ. 1944ರಲ್ಲಿ ಹೊಲಿದ ಕೈಗೂ ಕಳೆದ ವರ್ಷ ಹೊಲಿದ ಕೈಗೂ ನಡುವೆ ಇರುವುದು ತಂದೆ ಮಗನ ಅಂತರ. ಚೌಕಟ್ಟು ಅದೇ, ಸೂಜಿ ಅದೇ, ತಂತಿಯನ್ನು ತುಂಡರಿಸಿ ಮಣಿಯಂತೆ ಪೋಣಿಸುವ ರೀತಿಯೂ ಅದೇ. ಕೆಲಸದ ನಯವನ್ನು ನೋಡಿ ಅಸಲಿ ನಕಲಿ ಹೇಳುವ ದಾರಿ ಇಲ್ಲಿ ಮುಚ್ಚಿಹೋಗುತ್ತದೆ. ಉಳಿಯುವುದು ಸಾಮಗ್ರಿಯ ವಯಸ್ಸು ಮಾತ್ರ. ಹಳೆಯ ತಂತಿ ಬೆಳ್ಳಿ ಅಥವಾ ತಾಮ್ರದ ಮೇಲೆ ಲೇಪ ಕೊಟ್ಟದ್ದು. ಅದು ಏರಿದ ಕಡೆ ತಿಕ್ಕಿ ಹೊಳೆದು, ತಗ್ಗಿನಲ್ಲಿ ಕಪ್ಪಾಗಿ, ಕೆಲವೆಡೆ ಹಸಿರು ಕಾರಿರುತ್ತದೆ. ಈಗಿನ ಅಗ್ಗದ ಜರಿ ಪ್ಲಾಸ್ಟಿಕ್ ಪೊರೆಗೆ ಹೊಳಪು ಕೊಟ್ಟದ್ದು. ನಮ್ಮ ಮನೆಗಳ ಹಳೆಯ ಸೀರೆಯ ಸೆರಗನ್ನೂ ಈಗಿನ ಅಗ್ಗದ ಸೀರೆಯ ಸೆರಗನ್ನೂ ಪಕ್ಕಪಕ್ಕದಲ್ಲಿಟ್ಟು ನೋಡಿದ ಯಾವ ಹೆಣ್ಣುಮಗಳಾದರೂ ಇದನ್ನು ನನಗಿಂತ ಚೆನ್ನಾಗಿ ಹೇಳಬಲ್ಲಳು. ನನ್ನ ಅತ್ತಿಗೆ ಹಾಗೆ ಒಂದನ್ನು ಹಿಡಿದುಕೊಟ್ಟಿದ್ದಾರೆ. ಬೆನ್ನಿನಲ್ಲಿ ಸಡಿಲವಾಗಿ ನೇತಾಡುವ ದಾರದ ಚೂರಿದ್ದರೆ, ಮತ್ತು ಬ್ಯಾಡ್ಜ್ ಈಗಾಗಲೇ ನಿಮ್ಮದಾಗಿದ್ದರೆ, ಅದನ್ನು ಚಿಮುಟದಲ್ಲಿ ಹಿಡಿದು ಸುಡಬಹುದು. ರೇಷ್ಮೆ ಕೂದಲು ಸುಟ್ಟ ವಾಸನೆ ಕೊಟ್ಟು ಪುಡಿಯಾಗುತ್ತದೆ, ಹತ್ತಿ ಕಾಗದದಂತೆ ಉರಿಯುತ್ತದೆ, ಪಾಲಿಯೆಸ್ಟರ್ ಕರಗಿ ಗಟ್ಟಿ ಮಣಿಯಾಗುತ್ತದೆ. ಮಣಿಯಾದರೆ ಮಾತು ಮುಗಿಯಿತು.

ಜರ್ಮನಿಯ ಹದ್ದು

ಲುಫ್ಟ್‌ವಾಫೆಯ ಚಾಲಕನ ಬ್ಯಾಡ್ಜ್ 1930ರ ದಶಕದ ನಡುವಿನಲ್ಲಿ ಬಂದದ್ದು. ಲಾರೆಲ್ ಮತ್ತು ಓಕ್ ಎಲೆಗಳ ಬೆಳ್ಳಿ ಬಣ್ಣದ ಅಂಡಾಕಾರದ ಬಳೆ, ಅದರ ಮೇಲೆ ಕಾಲಲ್ಲಿ ಸ್ವಸ್ತಿಕ ಹಿಡಿದು ಹಾರುವ ಕಪ್ಪು ಛಾಯೆಯ ಹದ್ದು. ಬಳೆ ಮತ್ತು ಹದ್ದು ಬೇರೆ ಬೇರೆ ತುಂಡುಗಳಾಗಿದ್ದು ಎರಡು ರಿವೆಟ್‌ಗಳಿಂದ ಕೂಡಿರುತ್ತವೆ. ಮೊದಮೊದಲು ನಮ್ಮಲ್ಲಿ ಜರ್ಮನ್ ಸಿಲ್ವರ್ ಎಂದೇ ಕರೆಯುವ ಮಿಶ್ರಲೋಹದಲ್ಲಿ, ಯುದ್ಧ ಬಿಗಿಯಾದಂತೆ ಸತುವಿನಲ್ಲಿ ತಯಾರಾದವು. 1957ರಲ್ಲಿ ಪಶ್ಚಿಮ ಜರ್ಮನಿ ಸ್ವಸ್ತಿಕವಿಲ್ಲದ ಮಾದರಿಯನ್ನು ಹಳೆಯ ಯೋಧರಿಗೆ ಧರಿಸಲು ಬಿಟ್ಟಿತು. ಅವೂ ಸಂಗ್ರಹಯೋಗ್ಯವೇ, ಆದರೆ ಯುದ್ಧಕಾಲದವಲ್ಲ. ಜಗತ್ತಿನಲ್ಲಿ ಅತಿ ಹೆಚ್ಚು ನಕಲಾದ ಬ್ಯಾಡ್ಜ್‌ಗಳ ಪೈಕಿ ಇದೂ ಒಂದು. ಯೂಂಕರ್, ಅಸ್ಮಾನ್ ಮೊದಲಾದ ಪ್ರತಿ ತಯಾರಕನ ರಿವೆಟ್‌ನ ತಲೆ, ಪಿನ್ನಿನ ಬಾಗು, ಹದ್ದಿನ ಕುತ್ತಿಗೆಯ ಗರಿ ಇವನ್ನು ಬೇರೆ ಬೇರೆಯಾಗಿ ಬಾಯಿಪಾಠ ಮಾಡಿದವರೂ ಎಡವುತ್ತಾರೆ.

ನನ್ನ ಪರಿಚಯದವರೊಬ್ಬರು ಕೊಂಡಿದ್ದ ಸತುವಿನ ಹದ್ದನ್ನು ಬೀದರ್‌ನ ಚೌಬಾರಾ ಹತ್ತಿರದ ಬಿದರಿ ಕೆಲಸದ ಮನೆಯೊಂದಕ್ಕೆ ಒಯ್ದಿದ್ದೆ. ಬಿದರಿ ಸಾಮಾನಿನ ಮೈಯೂ ಹೆಚ್ಚಿನ ಪಾಲು ಸತುವೇ, ತುಸು ತಾಮ್ರ ಬೆರೆಸಿ ಮರಳಿನ ಅಚ್ಚಿನಲ್ಲಿ ಹೊಯ್ದದ್ದು. ಆಮೇಲೆ ಬೆಳ್ಳಿ ಕೂಡಿಸಿ, ಕೋಟೆಯ ಮಣ್ಣು ನವಸಾಗರದಲ್ಲಿ ಕಪ್ಪು ಮಾಡುತ್ತಾರೆ. ಐವತ್ತು ವರ್ಷ ಸತುವನ್ನೇ ಹೊಯ್ದ ಹಿರಿಯರಿಗೆ ಲುಫ್ಟ್‌ವಾಫೆ ಎಂದರೇನೆಂದು ಗೊತ್ತಿರಲಿಲ್ಲ. ಬ್ಯಾಡ್ಜನ್ನು ಮಗುಚಿ, ಬಳೆಯ ಒಳ ಅಂಚಿಗೆ ಉಗುರು ಎಳೆದು, ಕಿಟಕಿಯ ಬೆಳಕಿಗೆ ಓರೆಯಾಗಿ ಹಿಡಿದರು. “ಮರಳಿನ ಮುಖ ಅದ ನೋಡ್ರಿ ಇದಕ್ಕ. ಒತ್ತಿದ್ದಲ್ಲ, ಹೊಯ್ದದ್ದು. ಅಂಚಿಗೆ ಅರ ಹಾಕಿ ಹಾದಿ ಮುಚ್ಯಾರ,” ಎಂದರು. ಹಾದಿ ಎಂದರೆ ಕರಗಿದ ಲೋಹ ಅಚ್ಚಿನೊಳಗೆ ಹರಿದ ಜಾಡು. ಭೂತಗನ್ನಡಿಯಲ್ಲಿ ನೋಡಿದರೆ ಎಲೆಗಳ ತಗ್ಗಿನಲ್ಲೆಲ್ಲ ಸೂಜಿಮೊನೆಯಷ್ಟು ಗುಳಿಗಳು, ಅಂಚಿನಲ್ಲಿ ಅರದ ಅಡ್ಡಗೀರುಗಳು. ಯುದ್ಧದ ಕೊನೆಯ ವರ್ಷಗಳ ಸತುವಿನ ಬ್ಯಾಡ್ಜ್ ಎಷ್ಟೇ ಮಾಸಲಾಗಿದ್ದರೂ ಅದರ ತಗ್ಗುಗಳು ಹೀಗೆ ಸಿಡುಬಿನ ಮುಖದಂತಿರುವುದಿಲ್ಲ. ಇಂಥ ಪರೀಕ್ಷಕರು ಬೀದರ್‌ನಲ್ಲಿದ್ದಾರೆಂಬುದು ನಮ್ಮ ಭಾಗ್ಯವೇ ಹೌದು, ಆದರೂ ಅಚ್ಚು ಮಾಡಿ ಒತ್ತಿದ ಉತ್ತಮ ನಕಲಿಯನ್ನು ಅವರೂ ಹಿಡಿಯಲಾರರು. ಬೆಲೆ ದುಬಾರಿ, ಅಪಾಯ ಹೆಚ್ಚು, ಮರುಮಾರಾಟಕ್ಕೆ ಹಲವು ಹರಾಜು ತಾಣಗಳು ಸ್ವಸ್ತಿಕದ ವಸ್ತುವನ್ನು ಮುಟ್ಟುವುದೂ ಇಲ್ಲ. ಆ ಹಣದಲ್ಲಿ ಮೂರು ಬ್ರಿಟಿಷ್ ರೆಕ್ಕೆಗಳು ಬರುತ್ತವೆ.

ಕೊಳ್ಳುವಾಗ, ಕೊಂಡ ಮೇಲೆ

ಆನ್‌ಲೈನ್‌ನಲ್ಲಿ ಕೊಳ್ಳುವವರು ಮುಂಬದಿಯ ಒಂದು ಚಿತ್ರವನ್ನು ನೋಡಿ ಹಣ ಕಳಿಸಬಾರದು. ಬೆನ್ನು, ಅಂಚು, ಪಿನ್ನಿನ ಬುಡ, ಅಳತೆಪಟ್ಟಿಯ ಪಕ್ಕದಲ್ಲಿಟ್ಟದ್ದು, ಹಗಲಿನ ಬೆಳಕಿನಲ್ಲಿ ತೆಗೆದದ್ದು ಇಷ್ಟು ಚಿತ್ರಗಳನ್ನು ಕೇಳಿ, ಕೊಡಲು ಹಿಂದೆಮುಂದೆ ನೋಡಿದರೆ ಬಿಟ್ಟುಬಿಡಿ. ಲಂಡನ್‌ನ ಇಂಪೀರಿಯಲ್ ವಾರ್ ಮ್ಯೂಸಿಯಂ ತನ್ನ ಸಂಗ್ರಹದ ಚಿತ್ರಗಳನ್ನು ಅಂತರ್ಜಾಲದಲ್ಲಿ ಇಟ್ಟಿದೆ. ದೆಹಲಿಗೆ ಹೋದವರು ಪಾಲಂನ ವಾಯುಪಡೆ ಸಂಗ್ರಹಾಲಯವನ್ನು ನೋಡಿಬರಬಹುದು. ಕುಟುಂಬದವರಿಂದ ನೇರವಾಗಿ ಸಿಕ್ಕರೆ ಯಾರದು, ಯಾವ ಸ್ಕ್ವಾಡ್ರನ್, ಯಾವಾಗ ಕೊಟ್ಟದ್ದು ಎಂಬುದನ್ನು ಅವರ ಕೈಬರಹದಲ್ಲಿಯೇ ಬರೆಯಿಸಿಕೊಳ್ಳಿ. ಮೊದಲ ಮಹಾಯುದ್ಧದವು ನೂರು ವರ್ಷ ದಾಟಿರುವುದರಿಂದ 1972ರ ಪ್ರಾಚೀನ ವಸ್ತುಗಳ ಕಾಯ್ದೆಯ ಮಾತು ಬರುತ್ತದೆ. ಅಂಥ ಪ್ರಾಚೀನ ವಸ್ತುಗಳನ್ನು ಖಾಸಗಿಯವರು ತಾವಾಗಿ ಹೊರದೇಶಕ್ಕೆ ಕಳಿಸುವಂತಿಲ್ಲ ಎಂಬುದು ನೆನಪಿರಲಿ.

ಮನೆಗೆ ತಂದ ಮೇಲೆ ಬೆಳ್ಳಿಯ ರೆಕ್ಕೆಯನ್ನೂ ಉಣ್ಣೆಯ ಬಟ್ಟೆಯ ರೆಕ್ಕೆಯನ್ನೂ ಒಂದೇ ಡಬ್ಬಿಯಲ್ಲಿಡಬೇಡಿ. ಉಣ್ಣೆಯಿಂದ ಹೊರಡುವ ಗಂಧಕದ ಅಂಶ ಬೆಳ್ಳಿಯನ್ನು ಕಪ್ಪಾಗಿಸುತ್ತದೆ. ಮೆತ್ತಗಿನ ಪಿವಿಸಿ ಚೀಲ ನಮ್ಮ ಏಪ್ರಿಲ್, ಮೇ ತಿಂಗಳ ಬಿಸಿಲಿಗೆ ಅಂಟಂಟಾಗಿ ಬ್ಯಾಡ್ಜ್‌ಗೆ ಹತ್ತಿಕೊಳ್ಳುತ್ತದೆ, ಆದ್ದರಿಂದ ನಾಣ್ಯದ ಹಳೆಯ ಆಲ್ಬಮ್‌ಗಳನ್ನು ಇದಕ್ಕೆ ಬಳಸಬೇಡಿ. ಬಟ್ಟೆಯ ರೆಕ್ಕೆಯನ್ನು ಅಂಟು ಹಚ್ಚಿ ರಟ್ಟಿಗೆ ಮೆತ್ತದೆ, ಒಗೆದ ಹಳೆಯ ಬಿಳಿ ಪಂಚೆಯ ತುಂಡಿನಲ್ಲಿ ಸುತ್ತಿ, ಮೇಲಿನ ಗೂಡಿನಲ್ಲಿಡದೆ ತಂಪಾದ ಕೆಳಗಿನ ಕಪಾಟಿನಲ್ಲಿಡಿ. ಬ್ಯಾಡ್ಜ್‌ಗೆ ನೇರವಾಗಿ ತಾಗದಂತೆ ನುಸಿಗುಳಿಗೆಯನ್ನು ಮೂಲೆಯಲ್ಲಿ ಇಟ್ಟರೆ ಸಾಕು.